ಕಂಬದ ಮೇಲಿನ ಖಳನಾಯಕ

“ನಿನ್ನ ಗಂಡ ಬರೂದು ಇನ್ನ ಎಷ್ಟೊತ್ತು?”

ಕಾಲ ಮೇಲೆ ಕಾಲು ಹಾಕಿ ಕುಳಿತ ಅಪರಿಚಿತ ಸುಕನ್ಯಾಳ ಮುಂಗೈ ಹಿಡಿದು ಕೇಳಿದ. ಆ ತಣ್ಣನೆಯ ದನಿಗೆ ಅವಳ ಎದೆ ಝಲ್ಲೆಂದಿತು...

ಗಾಬರಿಯಾಗಬೇಡಿ, ಇದು ಸಿಂಧನೂರಿನ ಹವ್ಯಾಸಿ ತಂಡದ ನಾಟಕದ ತಾಲೀಮು. ಶಾಲಾ ಟೀಚರ್ ಸುಕನ್ಯಾ ಇಲ್ಲಿ ಗೃಹಿಣಿ. ಕರೆಯದೆ ಮನೆಗೆ ನುಗ್ಗಿ, ರೊಟ್ಟಿ ಉಂಡು, ಯಜಮಾನನ ಚಪ್ಪಲಿಯನ್ನೂ ಮೆಟ್ಟಿಕೊಂಡು ಕೂರುವ ಕೇಡಿಗನ ಪಾತ್ರ ಲೈನ್‌ಮನ್ ನಿಂಗರಾಜನದು.

ದೃಶ್ಯ ಮುಗಿದ ಕೂಡಲೇ ಅವನ ಮುಖ ಸಣ್ಣದಾಯಿತು.

“ಜೋರಾಗಿ ಹಿಡದ್ನೇನ್ರಿ ಟೀಚರ್?”

ಇರುವೆ ಕಂಡರೂ ದಾಟಿ ನಡೆಯುವ ಮನುಷ್ಯನಿಗೆ ಇಂಥ ಪಾತ್ರ ಕೊಟ್ಟವರ ಬುದ್ಧಿಗೆ ಏನೆನ್ನಬೇಕು! ಎರಡು ತಿಂಗಳ ತಾಲೀಮಿನಲ್ಲಿ ಸುಕನ್ಯಾ ಅವನಿಗೆ ಮನಸೋತಳು. ಹೇಳಲಿಲ್ಲ.

ಪ್ರದರ್ಶನದ ದಿನ ಅವನು ಕೈ ಹಿಡಿದಾಗ ಅವಳು ನಿಜವಾಗಿಯೂ ನಡುಗಿದಳು. ಮುಂದಿನ ಸಾಲಿನಲ್ಲಿದ್ದ ಅವಳ ಅವ್ವ ಪಕೀರಮ್ಮ ಎದ್ದೇಬಿಟ್ಟಳು.

“ಲೇ ಮಗನ, ಬಿಡೋ ನನ್ನ ಮಗಳ ಕೈ! ಹುಡುಗಿ ನಡುಗಾಕತ್ತಾಳ, ಕಾಣಂಗಿಲ್ಲೇನು?”

ಸಭೆ ಬಿದ್ದು ಬಿದ್ದು ನಕ್ಕಿತು. ನಿಂಗರಾಜ ನಗಲಿಲ್ಲ.

ಅಂದಿನಿಂದ ಅವನು ತಂಡದ ಕಡೆ ಸುಳಿಯಲಿಲ್ಲ, ಫೋನೂ ಎತ್ತಲಿಲ್ಲ. ‘ಅವ್ವನ ಮಾತಿಗೆ ಸಿಟ್ಟೇ? ಇಲ್ಲಾ, ನಾನೇ ಬೇಡವಾದೆನೆ?’ ಸುಕನ್ಯಾ ದಿನವೂ ಕೊರಗಿದಳು.

ಮಸ್ಕಿಯ ಪ್ರದರ್ಶನಕ್ಕೆ ಅವನ ಪಾತ್ರ ಬೇರೆಯವರಿಗೆ ಹೋಯಿತು. ಅವರು ಕೈ ಹಿಡಿದಾಗ ಅವಳಿಗೆ ಏನೂ ಅನ್ನಿಸಲಿಲ್ಲ. ಅದೇ ಅವಳಿಗೆ ಅಳು ತಂದಿತು.

ಅವನಿಗೆ ಸಂತೆಕಲ್ಲೂರಿಗೆ ವರ್ಗವಾಗಿದೆ ಎಂದು ತಿಳಿದದ್ದೇ ತಡ, ಭಾನುವಾರ ಶೇರ್ ಆಟೋ ಹತ್ತಿದಳು. ಊರ ಹೊರಗೇ ಕಂಡ, ಕರೆಂಟ್ ಕಂಬದ ಮೇಲೆ.

ಸುಕನ್ಯಾ ಅಲ್ಲೇ ಆಟೋ ನಿಲ್ಲಿಸಿ ಇಳಿದಳು.

“ಯಾಕ ನಾಟಕ ಬಿಟ್ರಿ?”

ಅವನು ತಂತಿ ನೋಡುತ್ತಲೇ ಹೇಳಿದ. “ನನ್ನ ಕಂಡ್ರ ನಿಮಗ ಅಂಜಿಕಿ ಐತ್ರಿ. ನೀವು ನಡುಗಿದ್ದು ನನ್ನ ಕೈಗೇ ಗೊತ್ತಾತು. ಆಮ್ಯಾಲ ಹೆಂಗ ಹಿಡೀಲಿ?”

ಇಷ್ಟು ದಿನದ ಸಂಕಟ ಇದಕ್ಕಾ...

“ಅಂಜಿ ನಡುಗಿಲ್ರಿ. ಹಿಡದ್ರಲ್ಲ, ಅದಕ್ಕ ನಡುಗಿದೆ. ಸೀನ್ ಮುಗದ ಮ್ಯಾಲ ಬಿಡ್ತೀರಲ್ಲ, ಅದಕ್ಕ ನಡುಗಿದೆ...”

ಆಟೋದವನು ಹೊರಡುವುದನ್ನೇ ಮರೆತಿದ್ದ. ಒಳಗಿದ್ದವರೆಲ್ಲ ಕೇಳಿಸಿಕೊಂಡರು. ಕೇಳಲಿ ಎಂದುಕೊಂಡಳು.

ನಿಂಗರಾಜ ಕೆಳಗಿಳಿದು ಎದುರು ನಿಂತ. ಕಣ್ಣು ತುಂಬಿತ್ತು.

“ನಿಮ್ಮ ಮನಿಗೆ ಬಂದು ಹೆಣ್ಣು ಕೇಳ್ತೀನ್ರಿ. ಆದ್ರ... ನಿಮ್ಮವ್ವ ಬಾಗಲಾ ತಗೀತಾರೇನು?”

“ಅವ್ವ ತಗಿಯಂಗಿಲ್ಲ,” ಎಂದಳು ಸುಕನ್ಯಾ. “ನಾ ತಗೀತೀನಿ. ನೀ ಬಾ.”