ಕೊನೆಯ ಜಾಡಿಯ ಹೆಪ್ಪು

ನನ್ನ ತಲೆ ಜಾಡಿಯೊಳಗಿತ್ತು.

ಕತ್ತಿನ ಮೇಲೆ ಒಂದು ಕೈ. ಬೆನ್ನಿನ ಮೇಲೆ ಒಂದು ಮೊಣಕಾಲು. ಎರಡೂ ಒಬ್ಬನವೇ... ದೊಡ್ಡ ವೈನ್ ಕಂಪನಿಯ ಪೈಲ್ವಾನನವು. ಅದು ಆಳೆತ್ತರದ ಮಣ್ಣಿನ ಜಾಡಿ, ಕುತ್ತಿಗೆಯವರೆಗೆ ನೆಲದಲ್ಲಿ ಹೂತದ್ದು. ನನ್ನ ಮೂಗಿನ ಕೆಳಗೇ ದ್ರಾಕ್ಷಿ ಸಿಪ್ಪೆ ತೇಲುತ್ತಿತ್ತು.

"ಉಸಿರಾಡ್ತಿದ್ದೀಯಾ?" ಮೇಲಿನಿಂದ ಕೇಳಿದ.

"ಆಡ್ತಿದ್ದೀನಿ."

"ಥೂ... ಇದೂ ಸತ್ತಿದೆ."

ಮೇಲಕ್ಕೆತ್ತಿದ. ಮುಂದಿನ ಜಾಡಿಗೆ ದರದರ ಎಳೆದುಕೊಂಡು ಹೋದ.

ಅವನ ಲೆಕ್ಕಾಚಾರ ನಿಮಗೆ ಬಿಡಿಸಿ ಹೇಳುತ್ತೇನೆ. ದ್ರಾಕ್ಷಿರಸ ಹುದುಗುವಾಗ ಒಂದು ಗಾಳಿ ಏಳುತ್ತದೆ. ಭಾರದ ಗಾಳಿ, ಜಾಡಿಯ ಬಾಯಿಯೊಳಗೇ ಕೂತಿರುತ್ತದೆ. ಅದರಲ್ಲಿ ಮನುಷ್ಯ ಉಸಿರಾಡಲಾರ. ಸಾಮಾನ್ಯವಾಗಿ ಉರಿಯುವ ಮೇಣದಬತ್ತಿ ಇಳಿಸಿ ನೋಡುತ್ತಾರೆ. ಬತ್ತಿ ಆರಿದರೆ ಜಾಡಿ ಜೀವಂತ. ಪೈಲ್ವಾನನ ಹತ್ತಿರ ಮೇಣದಬತ್ತಿ ಇರಲಿಲ್ಲ, ನಾನಿದ್ದೆ.

ಹೆದರಿಕೆ ಆಗಬೇಕಿತ್ತು. ಆಗಲಿಲ್ಲ. ಈ ಕಾವಲಿನ ಕಸುಬಿನಲ್ಲಿ ಅದು ಯಾವಾಗಲೋ ನಿಂತುಹೋಗಿದೆ.

ಆ ನೆಲಮಾಳಿಗೆ ಒಬ್ಬ ಹೆಂಗಸಿನದು. ಎಲ್ಲರೂ ಅಕ್ಕ ಎನ್ನುತ್ತಿದ್ದರು, ನಾನೂ. ಯಾವ ಕಂಪನಿಗೂ ಸೇರದೆ ತನ್ನಷ್ಟಕ್ಕೆ ತಾನು ವೈನ್ ಮಾಡುವವಳು. ಅವಳ ಪ್ರಯೋಗ ಕಂಡು ಮೊದಮೊದಲು ಕಂಪನಿಯವರು ನಗುತ್ತಿದ್ದರು. ಅಂಗಡಿಯ ಯೀಸ್ಟ್ ಇಲ್ಲ, ಸ್ಟೀಲ್ ಟ್ಯಾಂಕ್ ಇಲ್ಲ, ಕೆಮಿಕಲ್ ಇಲ್ಲ. ಬಿಳಿ ದ್ರಾಕ್ಷಿಯನ್ನು ಸಿಪ್ಪೆ ಸಮೇತ ಜಾಡಿಗೆ ತುಂಬಿ, ಹೋದ ವರ್ಷದ ಜಾಡಿಯ ತಳದಿಂದ ಒಂದು ಸೌಟು ಗಸಿ ಹಾಕುತ್ತಿದ್ದಳು. ಮೊಸರಿಗೆ ಹೆಪ್ಪು ಹಾಕಿದ ಹಾಗೆ. ಆ ಹೆಪ್ಪು ಬೇರೆಲ್ಲೂ ಸಿಗುವುದಿಲ್ಲ. ಅವಳ ತೋಟದಲ್ಲಿ ತಾನಾಗಿ ಹುಟ್ಟಿ, ವರ್ಷದಿಂದ ವರ್ಷಕ್ಕೆ ದಾಟಿ ಬಂದದ್ದು. ವೈನ್ ಜೇನಿನ ಬಣ್ಣಕ್ಕೆ ತಿರುಗುತ್ತಿತ್ತು. ಕುಡಿದವರು ತಕ್ಷಣ ಇನ್ನೊಂದು ಲೋಟಕ್ಕೆ ಕೈ ಚಾಚುತ್ತಿದ್ದರಂತೆ.

ಅಂತೆ ಎಂದೆ, ಯಾಕೆಂದರೆ ನನಗೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಹಿಂದೊಮ್ಮೆ ಯಾರೋ ಕಬ್ಬಿಣದ ಸರಳಿನಿಂದ ಮುಖಕ್ಕೆ ಬಾರಿಸಿದ ಮೇಲೆ ಎರಡೂ ಹೋದವು.

ಈ ವರ್ಷ ಜಾಡಿಗಳು ಒಂದೊಂದಾಗಿ ತಣ್ಣಗಾಗತೊಡಗಿದ್ದವು. ಹುದುಗುವುದು ದಿಢೀರನೆ ನಿಲ್ಲುತ್ತಿತ್ತು. ಯಾರೋ ಕೈಯಾಡಿಸುತ್ತಿದ್ದಾರೆ, ಕಾಯಲು ಬಾ ಎಂದು ಅಕ್ಕ ನನ್ನನ್ನು ಕರೆಸಿದ್ದಳು. ಕಾಯುತ್ತಿದ್ದೆ. ಆದರೂ ಸಾಯುತ್ತಲೇ ಇದ್ದವು. ಎಲ್ಲ ಜಾಡಿಯೂ ಸತ್ತರೆ ಹೆಪ್ಪಿನ ವಂಶವೇ ಮುಗಿಯಿತು, ಆ ವೈನ್ ಇನ್ನು ಹುಟ್ಟುವುದಿಲ್ಲ.

ಆ ಮಧ್ಯಾಹ್ನ ಅಕ್ಕ ಖಾಲಿ ಬಾಟಲಿ ತರಲು ಪೇಟೆಗೆ ಹೋಗಿದ್ದಳು. ಪೈಲ್ವಾನ ಕಿಟಕಿಯಿಂದ ಇಳಿದ. ನಾನು ಕುರ್ಚಿ ಬಿಟ್ಟು ಏಳುವಷ್ಟರಲ್ಲಿ ಕತ್ತು ಅವನ ಕೈಯಲ್ಲಿತ್ತು.

ಈಗ ಕೊನೆಯ ಜಾಡಿ. ಮುಚ್ಚಳ ಒದ್ದು ಸರಿಸಿದ. ತಲೆ ನೂಕಿದ.

ಉಸಿರೆಳೆದೆ... ಏನೂ ಬರಲಿಲ್ಲ.

ಎದೆಗೆ ಬೆಂಕಿ ಬಿತ್ತು. ಕಿವಿ ಗುಂಯ್ ಎಂದಿತು. ಕೆಳಗೆ ಬುಳುಬುಳು ಸದ್ದು ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು.

"ಸಿಕ್ತು!" ಎಂದ. ಖುಷಿಯಲ್ಲಿ ಕೈ ಸಡಿಲಿಸಿದ.

ನನಗೆ ಅಷ್ಟು ಸಾಕಾಗಿತ್ತು. ಹಿಂದಕ್ಕೆ ಒದ್ದೆ, ಅವನ ಮೊಣಕಾಲಿಗೆ ಬಿತ್ತು. ಎದ್ದು ಓಡಿದೆ. ಜಾಡಿಗಳ ನಡುವಿನ ದಾರಿ ಒಂದು ಹಲಗೆಯಷ್ಟೇ ಅಗಲ. ಕುಂಟುತ್ತಾ ಅಟ್ಟಿಸಿಕೊಂಡು ಬಂದ. ಹಿಂಡಿದ ಸಿಪ್ಪೆ ರಾಶಿ ಹಾಕಿದ್ದ ಮೂಲೆಯ ತನಕ ಅವನನ್ನು ಓಡಿಸಿದೆ. ಗೋಡೆ ಹತ್ತಿರ ಬಂದಾಗ ಪಕ್ಕಕ್ಕೆ ಸರಿದೆ. ಅವನ ಬೂಟು ಸಿಪ್ಪೆಯ ಮೇಲೆ ಜಾರಿತು. ದೊಪ್ಪನೆ ಬಿದ್ದ.

ಸಿಪ್ಪೆ ಕಲಕುವ ಮರದ ಕೋಲನ್ನು ಅವನ ಗಂಟಲ ಮೇಲಿಟ್ಟೆ.

"ಜಾಡಿಗಳನ್ನ ಯಾಕೆ ಸಾಯಿಸಿದೆ?"

"ನಾನಾ? ನಾನೇ ಸಾಯಿಸಿದ್ರೆ, ಬದುಕಿರೋದು ಯಾವುದು ಅಂತ ನಿನ್ನ ತಲೆ ಯಾಕೆ ಅದ್ದುತ್ತಿದ್ದೆ?"

"ಮತ್ತೆ ಯಾಕೆ ಬಂದೆ?"

"ಒಂದು ಬಾಟಲಿ ಹೆಪ್ಪು ಕದ್ದು ತಾ ಅಂದ್ರು ಯಜಮಾನ್ರು. ಜೀವಂತ ಇರೋದು. ಸತ್ತಿದ್ದು ತಗೊಂಡು ಹೋದ್ರೆ ನನ್ನ ಚರ್ಮ ಸುಲೀತಾರೆ."

ಮಾತಿನಲ್ಲಿ ನ್ಯಾಯವಿತ್ತು. ಎಬ್ಬಿಸಿ, ಮೆಟ್ಟಿಲು ಹತ್ತಿಸಿ, ಬಾಗಿಲಾಚೆ ತಳ್ಳಿದೆ. ನನ್ನ ಅಮ್ಮನಿಂದ ಶುರುಮಾಡಿ ಮುತ್ತಜ್ಜಿಯ ತನಕ ಯಾರನ್ನೂ ಬಿಡದೆ ಬೈದ. ಚಿಲಕ ಹಾಕಿ ಕೆಳಗಿಳಿದೆ.

ಕೊನೆಯ ಜಾಡಿಯ ಪಕ್ಕದಲ್ಲಿ ಅಕ್ಕನ ಅಪ್ಪ ಕೂತಿದ್ದರು.

ದಿನವೂ ಬರುತ್ತಿದ್ದ ಮುದುಕರು. ಜೀವಮಾನವಿಡೀ ಆ ದೊಡ್ಡ ಕಂಪನಿಯಲ್ಲೇ ಟ್ಯಾಂಕ್ ತೊಳೆಸಿ ರಿಟೈರ್ ಆದವರು. ಕರವಸ್ತ್ರ ಹಿಡಿದು ಜಾಡಿಯ ಬಾಯಿ ಒರೆಸುತ್ತಾ ಓಡಾಡುವುದು ಅವರ ಅಭ್ಯಾಸ. ಎಷ್ಟೋ ಸಲ ನಾನೇ ಕುರ್ಚಿ ಎಳೆದು ಕೊಟ್ಟಿದ್ದೆ. ಗಲಾಟೆ ಕೇಳಿ ಮನೆ ಕಡೆಯ ಬಾಗಿಲಿನಿಂದ ಇಳಿದು ಬಂದಿರಬೇಕು. ಮುಚ್ಚಳ ತೆರೆದೇ ಇತ್ತು. ಅವರು ಕರವಸ್ತ್ರದ ಗಂಟು ಬಿಚ್ಚುತ್ತಿದ್ದರು. ಅದರೊಳಗೆ ಬಿಳಿ ಪುಡಿ ಇತ್ತು.

ಮಣಿಕಟ್ಟು ಹಿಡಿದೆ.

"ಏನದು?"

"ಸಲ್ಫೈಟ್ ಪುಡಿ, ಕಂಪನೀಲಿ ಟ್ಯಾಂಕಿಗೆ ಹಾಕೋದು. ಯಾಕೆ, ಘಾಟು ಬರ್ತಿಲ್ವಾ?"

"ನನಗೆ ಬರಲ್ಲ. ಎಲ್ಲಾ ಜಾಡಿಗೂ ಹಾಕಿದ್ರಾ?"

"ನಿನ್ನ ಎದುರಿಗೇ ಹಾಕಿದೀನಲ್ಲೋ. ನೀನು ಸುಮ್ಮನಿದ್ದೆ. ಪರವಾಗಿಲ್ಲ, ಇವನಿಗೆ ಬುದ್ಧಿ ಇದೆ ಅಂದ್ಕೊಂಡೆ."

"ಯಾಕೆ ಹಾಕಿದ್ರಿ?"

"ಅದರೊಳಗೆ ಏನೇನು ಹುಳ ಇದೆಯೋ ಯಾರಿಗೆ ಗೊತ್ತು? ಯಾರಾದ್ರೂ ಕುಡಿದು ಮಲಗಿಬಿಟ್ರೆ... ಮಗಳು ಜೈಲಿಗೆ ಹೋಗೋದನ್ನ ನಾನು ನೋಡ್ಬೇಕಾ? ಹೇಳಿದ್ರೆ ಕೇಳಲ್ಲ. ಕೆಮಿಕಲ್ ಅಂದ್ರೆ ಮಾರು ದೂರ ಓಡ್ತಾಳೆ. ಅದಕ್ಕೇ ನಾನೇ ಕ್ಲೀನ್ ಮಾಡ್ತಾ ಬಂದೆ."

"ನೀವು ಕ್ಲೀನ್ ಮಾಡಿದ್ದೆಲ್ಲ ಸತ್ತಿದೆ."

"ಸತ್ತಿಲ್ಲಪ್ಪ. ಈಗ ಶುದ್ಧವಾಗಿದೆ."

ನನಗೆ ಎಷ್ಟೋ ಜನ ಸುಳ್ಳು ಹೇಳಿದ್ದಾರೆ. ಇವರು ಹೇಳುತ್ತಿರಲಿಲ್ಲ.

ಹೊರಗೆ ವ್ಯಾನ್ ನಿಂತಿತು. ಅಕ್ಕ ಬಾಟಲಿಯ ಕ್ರೇಟ್ ಹೊತ್ತು ಬಂದಳು. ಅಪ್ಪನನ್ನು ನೋಡಿದಳು. ಕರವಸ್ತ್ರ ನೋಡಿದಳು. ಅವಳಿಗೆ ಆಶ್ಚರ್ಯವಾದ ಹಾಗೆ ಕಾಣಲಿಲ್ಲ. ಕಣ್ಣಲ್ಲೇ ನನ್ನನ್ನು ಮೂಲೆಗೆ ಕರೆದಳು.

"ನಿಂಗೆ ಗೊತ್ತಿತ್ತಾ ಅಕ್ಕಾ?"

"ಮೊದಲನೇ ಜಾಡಿ ಮುಚ್ಚಳ ತೆಗೆದಾಗಲೇ ಮೂಗಿಗೆ ಬಡೀತು, ಅಪ್ಪನ ಟ್ಯಾಂಕ್ ಪುಡಿ."

"ಮತ್ತೆ ನನ್ನನ್ನ ಯಾಕೆ ಕರೆಸಿದ್ದು?"

"ಅಪ್ಪ ಅಲ್ಲ, ಬೇರೆ ಯಾರಾದ್ರೂ ಸಿಕ್ಕಿಬೀಳಲಿ ಅನ್ನೋ ಆಸೆಗೆ. ಮೂಗಿರೋನನ್ನ ಇಟ್ಟಿದ್ರೆ ಮೊದಲ ದಿನವೇ ಅಪ್ಪನ್ನ ಹಿಡೀತಿದ್ದ..."

"ಒಂದೇ ಜಾಡಿ ಉಳಿದಿದೆ."

"ಗೊತ್ತು." ಕ್ರೇಟ್ ಕೆಳಗಿಟ್ಟಳು. "ನೀನೇ ಹೇಳು. ಇನ್ಮೇಲೆ ಕೆಳಗೆ ಬರಬಾರದು ಅಂತ. ನನ್ನ ಬಾಯಲ್ಲಿ ಬರಲ್ಲ."

ಹೇಳಿದೆ. ಬೇರೆ ಎಷ್ಟೋ ಜನರಿಗೆ ಹೇಳಿದ ಹಾಗೇ ಹೇಳಿದೆ, ದನಿ ಏರಿಸದೆ. ಮುದುಕರು ಮಗಳ ಕಡೆ ನೋಡಿದರು. ಅವಳು ಬಾಟಲಿ ಜೋಡಿಸುತ್ತಿದ್ದಳು, ತಿರುಗಲಿಲ್ಲ.

"ಅವಳೇ ಹೇಳು ಅಂದಳಾ?"

ಸುಳ್ಳು ಹೇಳಬಹುದಿತ್ತು. ನಾಲಿಗೆ ಏಳಲಿಲ್ಲ.

"ಹೂಂ."

ಅವರು ಕರವಸ್ತ್ರ ಗಂಟು ಕಟ್ಟಿ ನನ್ನ ಕೈಗಿಟ್ಟರು. ಜಾಡಿಯ ಅಂಚಿಗೆ ಅಂಟಿದ್ದ ಒಂದು ಸಿಪ್ಪೆಯನ್ನು ಉಗುರಿನಿಂದ ಕೆರೆದು ತೆಗೆದರು. ಮುಚ್ಚಳ ಎಳೆದು ಸರಿಯಾಗಿ ಕೂರಿಸಿದರು. ತೋಳು ಹಿಡಿದು ಮೆಟ್ಟಿಲು ಹತ್ತಿಸಿದೆ.

"ಮೆಟ್ಟಿಲು ಒದ್ದೆ ಇದೆ. ನೀನೂ ಹುಷಾರು" ಎಂದರು.

ಬಾಗಿಲು ಹಾಕಿದೆ. ಕರವಸ್ತ್ರದ ಗಂಟು ಇನ್ನೂ ನನ್ನ ಕೈಯಲ್ಲೇ ಇತ್ತು. ಎಲ್ಲಿಡಬೇಕೋ ತಿಳಿಯದೆ ಜೇಬಿಗೆ ಹಾಕಿಕೊಂಡೆ. ಕೆಳಗೆ ಅಕ್ಕ ಜಾಡಿಗೆ ಕಿವಿಗೊಟ್ಟು ಕೂತಿದ್ದಳು. ಅದು ಇನ್ನೂ ಹುದುಗುತ್ತಿತ್ತು.

ಆ ಮಧ್ಯಾಹ್ನ ಇಬ್ಬರನ್ನು ಹೊರಗೆ ಹಾಕಿದೆ. ಬೈದವನು ಕಳ್ಳ ಒಬ್ಬನೇ.