ಆ ಅರ್ಧ ನಿಮಿಷ ಬ್ಯಾಗಿನಲ್ಲಿರಲಿಲ್ಲ

ಕಬ್ಬಿಣದ ರಾಡು ನನ್ನ ಕಿವಿ ಸವರಿಕೊಂಡು ಗೋಡೆಗೆ ಬಡಿಯಿತು!

"ಬ್ಯಾಗ್ ಇಳಿಸೋ!" ಗೋದಾಮಿನ ಯಜಮಾನ ಗುಡುಗಿದ.

ಇಳಿಸಲಿಲ್ಲ. ನನ್ನ ಬೆನ್ನ ಮೇಲಿದ್ದದ್ದು ಬಟ್ಟೆಬರೆಯಲ್ಲ ನೋಡಿ. ಬೇರೆ ಬೇರೆ ಕಂಪನಿಗಳ ಆರು ಸಿಮ್! ಅಕ್ಕನ ಕ್ಯಾಮೆರಾ ಕಂಡದ್ದನ್ನು ಅವು ಹಂಚಿಕೊಂಡು ಹೊರುತ್ತವೆ. ಟೀವಿ ಸ್ಟುಡಿಯೋದಲ್ಲಿ ಎಲ್ಲ ಸೇರಿ ಲೈವ್ ಆಗುತ್ತದೆ. ಒಂದು ಕೈಕೊಟ್ಟರೆ ಉಳಿದವು ಹೆಗಲು ಕೊಡುತ್ತವೆ. ನಮ್ಮ ನೆಂಟರಿಗಿಂತ ವಾಸಿ!

ಹೋದ ವಾರ ಇಲ್ಲಿಯ ನಕಲಿ ಔಷಧಿ ಶೂಟ್ ಮಾಡಲು ಬಂದ ಭಾವ ಮನೆಗೆ ಮರಳಲಿಲ್ಲ. ಅಕ್ಕ ರಿಪೋರ್ಟರ್. ಗಂಡನ ಹಳೇ ಕ್ಯಾಮೆರಾ ಎತ್ತಿಕೊಂಡು ತಾನೇ ಹೊರಟಳು. ಒಬ್ಬಳೇ ಬಿಡುವುದುಂಟೆ? ಹೆದರಿಕೆಯಿತ್ತು. ಆದರೂ ಬ್ಯಾಗು ಹೊತ್ತೆ.

ಗೋದಾಮಿನ ಮೆಟ್ಟಿಲು ಹತ್ತುವಾಗಲೇ ಸಿಗ್ನಲ್ ಕುಂಟತೊಡಗಿತ್ತು.

"ಚಿತ್ರ ಒಡೀತಿದೆ... ಅರ್ಧ ನಿಮಿಷ ಡಿಲೇ ಹಾಕ್ತೀನಿ," ಎಂದಿದ್ದ ಸ್ಟುಡಿಯೋದವನು ನನ್ನ ಕಿವಿಯಲ್ಲಿ. ಇಲ್ಲಿ ನಡೆದದ್ದು ಟೀವಿಯಲ್ಲಿ ಅಷ್ಟು ತಡವಾಗಿ ಕಾಣುತ್ತದೆ.

"ನನ್ನ ಗಂಡ ಎಲ್ಲಿ?" ಕ್ಯಾಮೆರಾ ಇಳಿಸದೆ ಅಕ್ಕ ಕೇಳಿದಳು.

"ಹಿಂದಿನ ಹಾಳುಬಾವೀಲಿ. ನಾನೇ ತಳ್ಳಿದ್ದು! ನಿನ್ನನ್ನೂ ಅಲ್ಲಿಗೇ ಕಳಿಸ್ತೀನಿ. ಗಂಡ ಹೆಂಡ್ತಿ ಜೊತೇಲಿರಿ!"

ಅಕ್ಕನ ಕ್ಯಾಮೆರಾ ಅವನ ಮುಖ ಬಿಡಲಿಲ್ಲ.

ಅವನ ಬಂಟ ಫೋನ್ ಚಾಚಿದ. "ಅಣ್ಣಾ... ಲೈವ್ ಹೋಗ್ತಿದೆ!"

ಯಜಮಾನ ನೋಡಿದ. ಪರದೆಯಲ್ಲಿ ನಾವಿನ್ನೂ ಮೆಟ್ಟಿಲು ಹತ್ತುತ್ತಿದ್ದೆವು! ಅವನ ಮುಖ ಅರಳಿತು.

"ಟೀವೀಲಿ ನಾನಿನ್ನೂ ಬಂದೇ ಇಲ್ಲ ಕಣೋ! ಬ್ಯಾಗ್ ಕೊಡೋ ಇಲ್ಲಿ!"

ಈ ಸಲ ನಾನೇ ಕಳಚಿ ಕೊಟ್ಟೆ.

ರಾಡು ಬಿತ್ತು... ಮತ್ತೆ ಬಿತ್ತು... ಸಿಮ್‌ಗಳು ನೆಲದ ಮೇಲೆ ಚೆಲ್ಲಾಪಿಲ್ಲಿಯಾದವು.

"ಮುಗೀತು ನಿಮ್ಮ ಆಟ!"

ಫೋನಿನಲ್ಲಿ ಮೆಟ್ಟಿಲು ಮುಗಿಯಿತು. ಬಾಗಿಲು ತೆರೆಯಿತು. ರಾಡು ಹಿಡಿದ ಯಜಮಾನ ಕಾಣಿಸಿಕೊಂಡ!

ಅವನ ನಗು ಇಂಗಿತು. "ಇದು... ಒಡೆದಾಯ್ತಲ್ಲೋ!"

"ಒಡೆದದ್ದು ಬ್ಯಾಗು," ಎಂದೆ. "ನೀನು ಆಡಿದ್ದು ಆಗಲೇ ಸ್ಟುಡಿಯೋ ಸೇರಿದೆ. ಅಲ್ಲಿ ಸರತಿ ಕಾಯ್ತಿದೆ, ಅಷ್ಟೇ."

"ಹಿಂದಿನ ಹಾಳುಬಾವೀಲಿ. ನಾನೇ ತಳ್ಳಿದ್ದು!" ಎಂದಿತು ಫೋನು.

ಫೋನನ್ನು ಯಜಮಾನನ ಕೈಗೆ ತುರುಕಿ ಬಂಟ ಕಾಲಿಗೆ ಬುದ್ಧಿ ಹೇಳಿದ. ಅಕ್ಕ ಕುಸಿದು ಕೂತಳು. ಅವಳನ್ನು ತಬ್ಬಿಕೊಂಡೆ. ಭಾವ ಇನ್ನು ಬರುವುದಿಲ್ಲ... ದುಃಖ ನನಗೂ ತಡೆಯಲಾಗಲಿಲ್ಲ.

ಯಜಮಾನ ಒತ್ತಿ ಒತ್ತಿ ಫೋನ್ ಸ್ವಿಚ್ ಆಫ್ ಮಾಡಿದ.

ಪಾಪ... ಅವನೊಬ್ಬನಿಗೆ ಮಾತ್ರ ಲೈವ್ ನಿಂತಿತು.