ಬಾಡಿಗೆ ಮನೆಯ ತಣ್ಣೀರು

"ನಾಳೆ ಮಧ್ಯಾಹ್ನದೊಳಗೆ ಮನೆ ಖಾಲಿ ಮಾಡು ಅಂದ್ಬಿಟ್ರು" ಎಂದು ಪಕ್ಕದ ಬಾಡಿಗೆ ಮನೆಯ ಕನ್ನಡಕದಂಗಡಿಯವಳು ನಮ್ಮ ಹೊಸ್ತಿಲಲ್ಲೇ ಕುಸಿದು ಕೂತಳು. "ನಾಳೆ ಸಂಜೆ ಹಡಗಿಗೆ ನನ್ನ ಮಗಳು ಬರ್ತಾಳೆ ಅತ್ತೆ. ಅದರ ಮುಖ ನೋಡಿ ವರ್ಷ ಆಯ್ತು. ಎಲ್ಲಿಗೆ ಕರ್ಕೊಂಡು ಹೋಗ್ಲಿ?"

ನನಗೆ ಮೈಯೆಲ್ಲ ಉರಿಯಿತು. ನಮ್ಮತ್ತೆ ಮಾತ್ರ ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ಕಳೆದುಹೋದ ಉಂಗುರದಿಂದ ಓಡಿಹೋದ ಅಳಿಯನವರೆಗೆ ಎಲ್ಲವನ್ನೂ ಹುಡುಕಿಕೊಟ್ಟು, ಓಣಿಯವರ ಬಾಯಲ್ಲಿ 'ಪತ್ತೆ ಅತ್ತೆ' ಆದವರು ಅವರು. ಅತ್ತೆಯನ್ನು ಹೊಗಳುವ ಸೊಸೆ ಎಲ್ಲಾದರೂ ಉಂಟೇ ಎನ್ನಬೇಡಿ. ಇಲ್ಲೊಬ್ಬಳಿದ್ದೇನೆ.

"ಯಾಕಂತೆ?" ಅತ್ತೆ ಕೇಳಿದರು.

"ಕರೆಂಟ್ ಬಿಲ್ಲು ಬಾಡಿಗೆಗಿಂತ ಜಾಸ್ತಿ ಬಂದಿದೆ, ಕಟ್ಟೋಕಾಗಿಲ್ಲ. ಹಗಲು ಬಾಗಿಲು ಹಾಕ್ಕೊಂಡು ಅಂಗಡಿಗೆ ಹೋಗ್ತೀನಿ, ಸಂಜೆ ದೀಪಾನೂ ಹಾಕಲ್ಲ. ಆದ್ರೂ ಮಾಲೀಕರು, ಯಾರನ್ನೋ ಒಳಗಿಟ್ಟು ಹಗಲೆಲ್ಲ ಏಸಿ ಓಡಿಸ್ತೀಯ ಅಂತಾರೆ. ಅವರಪ್ಪ, ಮಹಡಿ ಅಜ್ಜ ಒಬ್ರೇ ಪಾಪ, 'ಬಾಡಿಗೇಲೇ ಕರೆಂಟೂ ಬಂತಲ್ಲಮ್ಮ, ಕತ್ತಲಲ್ಲಿ ಯಾಕೆ ಕೂತಿದೀಯ' ಅಂತ ಕೇಳ್ತಾರೆ. ಕಿವಿ ಮಂದ ಅವರಿಗೆ, ಈ ಜಗಳ ಯಾವುದೂ ಗೊತ್ತಿಲ್ಲ."

"ಬಾಡಿಗೇಲೇ ಬರುತ್ತಾ?"

"ಮುಂಚೆ ಬರ್ತಿತ್ತಂತೆ. ನಾನು ಬಂದಾಗ ನಂಗೇ ಅಂತ ಬೇರೆ ಮೀಟರ್ ಹಾಕ್ಸಿದ್ರು."

ನಮ್ಮದು ಒಂದೇ ಅಂಗಳದ ಬಾಳು. ಮಹಡಿಯಲ್ಲಿ ಮಾಲೀಕ ಮತ್ತು ಅಜ್ಜ, ಕೆಳಗೆ ಮುಂದೆ ದರ್ಜಿ, ಹಿಂದೆ ಇವಳು, ಪಕ್ಕದಲ್ಲಿ ನಾವು. ಪ್ರತಿ ಮನೆಗೂ ಬೇರೆ ಪಂಪು, ಚಾವಣಿಯ ಮೇಲೆ ಬೇರೆ ಕಪ್ಪು ಟ್ಯಾಂಕು. ಈ ದ್ವೀಪದಲ್ಲಿ ಬಾಡಿಗೆ ಹೇಗೋ ಹೊಂದಿಸಬಹುದು, ಕರೆಂಟಿನ ಬಿಲ್ಲು ನೋಡಿದರೆ ಮಾತ್ರ ಎದೆ ಧಸಕ್ಕೆನ್ನುತ್ತದೆ.

ಅವಳ ಮನೆಗೆ ಹೋದೆವು. ಒಳಗಿನ ಸ್ವಿಚ್ಚುಗಳನ್ನೆಲ್ಲ ಆರಿಸಿದೆವು. ಹೊರಗೆ ಮೀಟರ್ ಓಡುತ್ತಲೇ ಇತ್ತು! ಅಲ್ಲಿಂದ ದರ್ಜಿಯ ಕಿಟಕಿಗೆ ಒಂದು ತಂತಿ ಹೋಗಿತ್ತು.

"ನೋಡಿದ್ರಾ! ಹಾಳಾದವನು, ಹೊಲಿಗೆ ಮೆಷಿನ್ ಇವಳ ಕರೆಂಟಲ್ಲೇ ಓಡಿಸ್ತಿದ್ದಾನೆ!" ಎಂದು ಕೂಗಿದೆ.

ಅತ್ತೆ ತಂತಿಯನ್ನು ಹಿಡಿದೆಳೆದರು. ದರ್ಜಿಯ ಎರಡು ಒದ್ದೆ ಬನಿಯನ್ನುಗಳು ನನ್ನ ತಲೆಯ ಮೇಲೆ ಬಿದ್ದವು. ಬಟ್ಟೆ ಒಣಹಾಕುವ ತಂತಿ! "ಬಾಯಿ ಬಿಡೋ ಮುಂಚೆ ಕಣ್ಣು ಬಿಡೇ" ಎಂದು ಗದರಿ, ಅವರು ಬೆಳ್ಳುಳ್ಳಿ ಕೈಯನ್ನು ಅವಳ ನಲ್ಲಿಯಲ್ಲಿ ತೊಳೆದುಕೊಂಡರು. "ಆಹಾ, ಏನು ತಂಪು!"

ನಾನಾಗಲೇ ನಮ್ಮ ಮನೆಯ ನಲ್ಲಿಯಲ್ಲಿ ಅಕ್ಕಿ ತೊಳೆಯಲು ಹೋಗಿ ಕೈ ಸುಟ್ಟುಕೊಂಡಿದ್ದೆ. ಆದರೂ ತಲೆಗೆ ಹೊಳೆಯಲಿಲ್ಲ, ನೋಡಿ.

ಅತ್ತೆ ಹಿತ್ತಿಲಿಗೆ ನಡೆದರು. ಮಳೆ ಬಿದ್ದು ತಿಂಗಳಾಗಿತ್ತು, ಓಣಿಯೆಲ್ಲ ಧೂಳು. ಅಜ್ಜನ ಪಪ್ಪಾಯಿ ಗಿಡಗಳು ಮಾತ್ರ ಹಸಿರಾಗಿ ನಗುತ್ತಿದ್ದವು. ಮಹಡಿಯ ಮೆಟ್ಟಿಲ ಬಳಿ ಬಿಟ್ಟಿದ್ದ ಅಜ್ಜನ ಚಪ್ಪಲಿಗೆ ಹಸಿ ಕೆಸರು ಮೆತ್ತಿತ್ತು. "ಎಲ್ಲರನ್ನೂ ಇಲ್ಲಿಗೆ ಕರಿ" ಎಂದರು ಅತ್ತೆ.

ಮಾಲೀಕ ಮುಖ ಗಂಟಿಕ್ಕಿಕೊಂಡು ಬಂದ. ದರ್ಜಿ ನನ್ನನ್ನು ದುರುಗುಟ್ಟಿ ನೋಡಿದ. ಅಜ್ಜ ಕುರ್ಚಿಯಲ್ಲಿ ಕೂತು ಕಿವಿಗೆ ಕೈ ಹಿಡಿದರು.

ಅತ್ತೆ ಗಟ್ಟಿಯಾಗಿಯೇ ಹೇಳಿದರು: "ಈ ಬಿಸಿಲಿಗೆ ಕಪ್ಪು ಟ್ಯಾಂಕಲ್ಲಿ ನಿಂತ ನೀರು ಕುದಿಯುತ್ತೆ. ನಮ್ಮೆಲ್ಲರ ನಲ್ಲೀಲಿ ಈಗ ಕೈ ಇಡೋಕಾಗಲ್ಲ. ಇವಳ ನೀರು ತಂಪು. ಅಂದ್ರೆ ಇವಳ ಟ್ಯಾಂಕಲ್ಲಿ ನೀರು ನಿಲ್ಲೋದೇ ಇಲ್ಲ. ಬಾವಿಯಿಂದ ಏರ್ತಾನೇ ಇದೆ, ಇಳೀತಾನೇ ಇದೆ. ಟ್ಯಾಂಕ್ ತುಂಬೋವರೆಗೂ ಪಂಪು ತಾನೇ ಓಡುತ್ತೆ. ಅದು ಬಾವಿಯೊಳಗೆ ಮುಳುಗಿರೋದು, ಸದ್ದು ಯಾರಿಗೂ ಕೇಳಲ್ಲ. ಮನೆ ಸ್ವಿಚ್ಚಿಗೂ ಅದಕ್ಕೂ ಸಂಬಂಧ ಇಲ್ಲ. ಹಾಗಾದ್ರೆ ನೀರು ಎಲ್ಲಿಗೆ ಹೋಗ್ತಿದೆ?"

ಬಗ್ಗಿ ಪಪ್ಪಾಯಿ ಬುಡದ ಒಣ ಎಲೆಗಳನ್ನು ಸರಿಸಿದರು. ಇವಳ ಹಿಂಬದಿಯ ಗೋಡೆಯ ನಲ್ಲಿಯಿಂದ ಬಂದ ರಬ್ಬರ್ ಪೈಪೊಂದು ಗುಳುಗುಳು ನೀರು ಸುರಿಸುತ್ತಿತ್ತು.

"ಹಿತ್ತಲ ಗಿಡ ಮದ್ದಲ್ಲ ಅಂತಾರೆ. ಈ ಸಲ ರೋಗಾನೇ ಹಿತ್ತಲ ಗಿಡದಲ್ಲಿತ್ತು. ಅಜ್ಜಾ, ಬೆಳಿಗ್ಗೆ ಪೈಪು ಹಾಕಿ ಸಂಜೆ ತೆಗೆಯೋದು ನೀವೇ ಅಲ್ವಾ?"

"ಹೂಂ, ಎಷ್ಟೋ ವರ್ಷದಿಂದ" ಎಂದರು ಅಜ್ಜ ಹೆಮ್ಮೆಯಿಂದ. "ನಮ್ಮದೇ ನೀರು, ನಮ್ಮದೇ ಕರೆಂಟು."

"ಇವಳ ಮೀಟರ್ ಬೇರೆ ಆಗಿದೆ ಅಜ್ಜಾ. ನೀರು ಎತ್ತಿದ ಖರ್ಚೆಲ್ಲ ಇವಳ ತಲೆಗೆ. ಹೇಳಬೇಕಾದ ಮಗ ನಿಮಗೆ ಹೇಳೇ ಇಲ್ಲ."

ಅಜ್ಜನ ಮುಖ ಬಿಳಿಚಿತು. "ಅಯ್ಯೋ ದೇವರೇ! ಈ ಮಗೂನ ಕತ್ತಲಲ್ಲಿ ಕೂರಿಸಿದ್ದು ನಾನಾ?"

ಮಾಲೀಕ ತಲೆ ತಗ್ಗಿಸಿದ. "ತಪ್ಪು ನಂದೇ. ಬಿಲ್ಲು ನಾನು ಕಟ್ತೀನಿ. ಎಲ್ಲೂ ಹೋಗ್ಬೇಡಮ್ಮ."

ಅವಳು ಅತ್ತೆಯ ಹೆಗಲಿಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. ನನಗೂ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅಜ್ಜ ತಾವೇ ಹೋಗಿ ನಲ್ಲಿ ನಿಲ್ಲಿಸಿದರು. ಟ್ಯಾಂಕು ತುಂಬಿತು, ಮೀಟರ್ ನಿಂತಿತು. ದರ್ಜಿಯ ಬನಿಯನ್ನುಗಳನ್ನು ನಾನೇ ಮತ್ತೆ ಒಗೆದುಕೊಟ್ಟೆ, ಬೇರೆ ದಾರಿಯಿರಲಿಲ್ಲ.

ಮರುದಿನ ಹಡಗು ಬಂತು. ಎರಡು ಜಡೆಯ ಹುಡುಗಿ ಅಮ್ಮನ ಕೈಹಿಡಿದು ಬಂದು, ಕಾಲು ತೊಳೆಯಲು ನಲ್ಲಿ ತಿರುಗಿಸಿ ಕಿಟಾರನೆ ಕಿರುಚಿದಳು. "ಅಮ್ಮಾ, ಸುಡ್ತಿದೆ!"

ನಾವೆಲ್ಲ ಹೋ ಎಂದು ನಕ್ಕೆವು. ಮಗು ನಮ್ಮನ್ನು ಹುಚ್ಚರ ಹಾಗೆ ನೋಡಿತು.

ಅಮ್ಮ ಅದನ್ನು ಎತ್ತಿ ಅಪ್ಪಿಕೊಂಡಳು. "ಸುಡ್ಲಿ ಬಿಡು ಕಂದಾ. ಅದು ನಮ್ಮನೆ ನೀರು."